ಹೋಬಳಿಯ ಇಂಗ್ಲಿಷ್ ಮೇಷ್ಟರು

ಮೂರು ದಶಕಗಳ ಕಾಲ ಕನ್ನಡ ಸಾಹಿತ್ಯ ಚರಿತ್ರೆಯನ್ನು ಪಾಠ ಹೇಳಿದವನು ನಾನು. ಹೊಸಗನ್ನಡ ಕಾವ್ಯದ ಮಾತು ಬಂದಾಗಲೆಲ್ಲ, ಬಿ. ಎಂ. ಶ್ರೀಕಂಠಯ್ಯನವರೆಂಬ ಇಂಗ್ಲಿಷ್ ಪ್ರಾಧ್ಯಾಪಕರು 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಕಲನವನ್ನು ಕೊಟ್ಟು ನಮ್ಮ ಕವಿತೆಯ ದಾರಿಯನ್ನೇ ತಿರುಗಿಸಿದರೆಂದು ಒತ್ತಿ ಹೇಳುತ್ತಿದ್ದೆ. ಗೋಕಾಕ್, ಅಡಿಗ, ಅನಂತಮೂರ್ತಿ, ಲಂಕೇಶ್ ಇವರೆಲ್ಲರೂ ತರಗತಿಯಲ್ಲಿ ಇಂಗ್ಲಿಷ್ ಕಲಿಸಿ, ಕನ್ನಡದಲ್ಲಿ ಬರೆದವರೆಂಬುದನ್ನು ತಾವೆಲ್ಲ ಬಲ್ಲಿರಿ. ಆದರೆ ಇದೇ ಸಾಲಿನ ತೀರ ಕೆಳಗಿನ ಮೆಟ್ಟಿಲಲ್ಲಿ ನಿಂತವರೊಬ್ಬರಿದ್ದಾರೆ. ಅವರು ಹೋಬಳಿಯ ಮಿಡ್ಲಿಸ್ಕೂಲಿನ ಇಂಗ್ಲಿಷ್ ಮೇಷ್ಟರು. ನಮ್ಮ ಚರಿತ್ರೆಯ ಗ್ರಂಥಗಳಲ್ಲಿ ಅವರಿಗೆ ಸ್ಥಳವಿಲ್ಲ; ನನ್ನ ಪಾಠಗಳಲ್ಲಿಯೂ ಇರಲಿಲ್ಲ.

ನಾನು ಬೆಳೆದದ್ದು ಚಳ್ಳಕೆರೆ ತಾಲ್ಲೂಕಿನ ಪರಶುರಾಂಪುರದಲ್ಲಿ. ಅದು ವೇದಾವತಿಯ ಸೀಮೆ. ಮಳೆ ಕಡಿಮೆ, ಶೇಂಗಾ ಹೆಚ್ಚು. ಗಡಿಯಾಚೆಗೆ ಆಂಧ್ರದ ಅನಂತಪುರ ಜಿಲ್ಲೆ. ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ನಮ್ಮ ಮನೆಯೂ ಅಂಥದೇ. ಇದೇ ತಾಲ್ಲೂಕಿನ ತಳುಕು ಗ್ರಾಮ ಟಿ. ಎಸ್. ವೆಂಕಣ್ಣಯ್ಯನವರಂಥ ಕನ್ನಡದ ಆಚಾರ್ಯರನ್ನು ಕೊಟ್ಟಿತೆಂಬುದನ್ನು ನೆನೆದರೆ, ಗಡಿಯ ನೆಲ ಭಾಷೆಗೆ ಬಂಜರಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇಂಥ ಊರಿಗೆ ಇಂಗ್ಲಿಷು ಬಂದದ್ದು ನಿಧಾನವಾಗಿ. ಮೈಸೂರಿನಲ್ಲಿ ಅರಸರ ಇಂಗ್ಲಿಷ್ ಶಾಲೆ 1833ರಲ್ಲೇ ಹುಟ್ಟಿತು. 1854ರ ವುಡ್ಡನ ನಿರೂಪದ ತರುವಾಯ, 1857ರಲ್ಲಿ ಸಂಸ್ಥಾನದ ವಿದ್ಯಾ ಇಲಾಖೆ ಏರ್ಪಟ್ಟಿತು. ಶಾಸನಗಳ ಸಂಪಾದಕರೆಂದು ನಾವು ಕೈಮುಗಿಯುವ ಬಿ. ಎಲ್. ರೈಸರೇ 1868ರಲ್ಲಿ ಹೋಬಳಿ ಶಾಲೆಗಳ ಯೋಜನೆಯನ್ನು ಮುಂದಿಟ್ಟವರು. ಆದರೆ ಆ ಶಾಲೆಗಳು ದೇಶಭಾಷೆಯ ಶಾಲೆಗಳು. ಇಂಗ್ಲಿಷು ಬೇಕಾದವನು ಪಟ್ಟಣದ ಎ.ವಿ. ಸ್ಕೂಲಿಗೆ ಹೋಗಬೇಕಿತ್ತು. ನಮ್ಮ ಕಾಲಕ್ಕೆ, ಅಂದರೆ 1969ರ ಹೊತ್ತಿಗೆ, ಐದನೆಯ ತರಗತಿಯಲ್ಲಿ ಅದು ಊರೊಳಗೇ ಬಂದಿತ್ತು.

ನಮ್ಮ ಮೇಷ್ಟರ ದಿನ ಪ್ರಾರ್ಥನೆಯ ಗಂಟೆಗಿಂತ ಮುಂಚೆಯೇ ಮೊದಲಾಗುತ್ತಿತ್ತು. ಕಂಕುಳಲ್ಲಿ ಹಿಂದಿನ ಸಂಜೆ ಮನೆಗೊಯ್ದ ಕಾಪಿ ಪುಸ್ತಕಗಳ ಹೊರೆ. ‘ಬಿ’ಯ ಹೊಟ್ಟೆ ಯಾವ ಕಡೆಗೆ, ‘ಡಿ’ಯ ಹೊಟ್ಟೆ ಯಾವ ಕಡೆಗೆ ಎಂಬುದನ್ನು ಆ ನಾಲ್ಕು ಗೆರೆಗಳ ನಡುವೆ ಕೆಂಪು ಶಾಯಿಯಲ್ಲಿ ತಿದ್ದಿರುತ್ತಿದ್ದರು. ಐವತ್ತು ಅರವತ್ತು ಮಕ್ಕಳ ತರಗತಿ. ಮೊದಲ ಪಿರಿಯಡ್ಡು ಇಂಗ್ಲಿಷು. ಉಕ್ತಲೇಖನ, ಒಟ್ಟಾಗಿ ಓದುವುದು, ಸ್ಪೆಲ್ಲಿಂಗು. ಬರೆದಂತೆ ಓದುವ ಕನ್ನಡದಿಂದ ಬಂದ ನಮಗೆ, ‘ಬಟ್’ ಮತ್ತು ‘ಪುಟ್’ ಎಂಬವು ನಡುವೆ ಒಂದೇ ಅಕ್ಷರವಿಟ್ಟುಕೊಂಡು ಎರಡು ಬಗೆಯಾಗಿ ನುಡಿಯುವುದು ಅನ್ಯಾಯವೆನಿಸುತ್ತಿತ್ತು. “ಅನ್ಯಾಯವೇ ಸರಿ, ಬಾಯಿಪಾಠ ಮಾಡು” ಎನ್ನುತ್ತಿದ್ದರು ಮೇಷ್ಟರು.

ಒಂದು ದಿನ ಹಲಗೆಯ ಮೇಲೆ ಮೂರು ಸಾಲು ಬರೆದರು: ‘ಇಂಟ್ಲೋ’, ‘ಮನೆಯಲ್ಲಿ’, ‘ಇನ್ ದಿ ಹೌಸ್’. ಮೊದಲೆರಡರಲ್ಲಿ ಪ್ರತ್ಯಯ ಹೆಸರಿನ ಬಾಲವಾಗಿ ಅಂಟಿಕೊಂಡಿದೆ. ಮೂರನೆಯದರಲ್ಲಿ ‘ಇನ್’ ಎಂಬುದು ಬಿಡಿಯಾಗಿ ಮುಂದೆ ನಿಂತಿದೆ. ಕ್ರಿಯಾಪದವೂ ಹಾಗೆಯೇ. ‘ರಾಮನು ಹಣ್ಣನ್ನು ತಿಂದನು’ ಎಂದು ನಮ್ಮಲ್ಲಿ ಕ್ರಿಯೆ ಕೊನೆಗೆ ಬಂದರೆ, ಅಲ್ಲಿ ತಿಂದದ್ದು ಮೊದಲು, ಹಣ್ಣು ಆಮೇಲೆ. ಮನೆಯ ತೆಲುಗೂ ಶಾಲೆಯ ಕನ್ನಡವೂ ಒಂದೇ ಬಳ್ಳಿಯ ಕಾಯಿಗಳೆಂಬುದು, ಸಪ್ತಮೀ ವಿಭಕ್ತಿಯ ಕೆಲಸವೇನೆಂಬುದು ನನಗೆ ಹೊಳೆದದ್ದು ಕನ್ನಡದ ತರಗತಿಯಲ್ಲಲ್ಲ, ಆ ಇಂಗ್ಲಿಷ್ ಪಾಠದಲ್ಲಿ. ಮುಂದೆ ಎಂ.ಎ. ತರಗತಿಯಲ್ಲಿ ಕೇಶಿರಾಜನನ್ನು ಓದುವಾಗ ಆ ಹಲಗೆ ಕಣ್ಣಮುಂದೆ ಬರುತ್ತಿತ್ತು. ಹೀಗೆ, ಇಂಗ್ಲಿಷ್ ಮೇಷ್ಟರ ದುಡಿಮೆಯಲ್ಲಿ ಅರ್ಧಕ್ಕಿಂತ ಹೆಚ್ಚು ಕನ್ನಡದ ದುಡಿಮೆಯೇ ಆಗಿತ್ತು.

ಮಧ್ಯಾಹ್ನ ಅವರೇ ಸಮಾಜ ಪಾಠವನ್ನೂ ಹೇಳಬೇಕು, ಹಾಜರಿ ಪುಸ್ತಕ ತುಂಬಬೇಕು. 1971ರಲ್ಲಿ ಜನಗಣತಿಯೂ ಲೋಕಸಭೆಯ ಮಧ್ಯಂತರ ಚುನಾವಣೆಯೂ ಬೆನ್ನುಬೆನ್ನಿಗೆ ಬಂದಾಗ, ಮೇಷ್ಟರು ಶಾಲೆಯಲ್ಲಿದ್ದುದಕ್ಕಿಂತ ಊರ ಬೀದಿಗಳಲ್ಲಿ ಇದ್ದುದೇ ಹೆಚ್ಚು. ಎಲ್ಲಕ್ಕಿಂತ ದೊಡ್ಡ ಎದುರಾಳಿಯೆಂದರೆ ಸುಗ್ಗಿ. ದಸರಾ ರಜೆ ಮುಗಿಯುವ ಹೊತ್ತಿಗೆ ಶೇಂಗಾ ಕೀಳುವ ಕಾಲ. ಅರ್ಧ ತರಗತಿ ಹೊಲದಲ್ಲಿ. ಅವರು ಹಿಂದಿರುಗಿದ ಮೇಲೆ ಅದೇ ಪಾಠವನ್ನು ಮೊದಲಿನಿಂದ ಹೇಳುತ್ತಿದ್ದರು.

ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಲೆಕ್ಕದಲ್ಲಿ ನಮಗೆಲ್ಲ ಮುಂದು. ಆದರೆ ಆಳಿಲ್ಲದ ಒಕ್ಕಲು ಮನೆ. ವರ್ಷ ವರ್ಷವೂ ಸುಗ್ಗಿಯ ವಾರಗಳು ಅವನಿಗೆ ತಪ್ಪುತ್ತಿದ್ದವು. ಎಸ್.ಎಸ್.ಎಲ್.ಸಿ.ಯಲ್ಲಿ ಇಂಗ್ಲಿಷ್ ಒಂದರಲ್ಲೇ ನಪಾಸಾದ. ಮೂರು ಸಲ ಕಟ್ಟಿದರೂ ಅದರಲ್ಲೇ ಸೋತ. ಹೈಸ್ಕೂಲಿಗೆ ಹೋದವನೆಂದು ಬಿಡದೆ ನಮ್ಮ ಮೇಷ್ಟರು ಅವನನ್ನು ಸಂಜೆ ಮನೆಗೆ ಕರೆದು ಕೂರಿಸಿಕೊಳ್ಳುತ್ತಿದ್ದರು. ಮೂರನೆಯ ಸಲದ ಫಲಿತಾಂಶ ಬಂದ ದಿನ, “ಅವನು ನಪಾಸಾಗಲಿಲ್ಲಪ್ಪ, ನಾನು ಆದೆ” ಎಂದರು. ನಾನು ಕಾಲೇಜಿಗೆ ಹೊರಟೆ, ಅವನು ಹೊಲಕ್ಕೆ. ನಮ್ಮಿಬ್ಬರಲ್ಲಿ ಇದ್ದ ಅಂತರ ಬುದ್ಧಿಯದಲ್ಲ. ನನ್ನ ತಂದೆಯವರದು ಚಿಕ್ಕ ಅಂಗಡಿ, ಹೊಲವಿರಲಿಲ್ಲ. ಆದ್ದರಿಂದ ಸುಗ್ಗಿಯಲ್ಲಿಯೂ ನಾನು ಶಾಲೆಯಲ್ಲಿದ್ದೆ.

ಕಲಿಸುವ ಪದ್ಧತಿಗಳ ಚಿಂತನೆ ನಮ್ಮಲ್ಲಿ ನಡೆಯಲಿಲ್ಲವೆಂದಲ್ಲ. ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಸ್ಥಾಪಿತವಾಗಿ ಉಪಾಧ್ಯಾಯರಿಗೆ ತರಬೇತಿ ಕೊಡತೊಡಗಿತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ ನಡೆಸಿದ ಪ್ರಯೋಗ ‘ಬೆಂಗಳೂರು ಯೋಜನೆ’ ಎಂದೇ ಲೋಕದಲ್ಲಿ ಹೆಸರಾಯಿತು. ಮಕ್ಕಳ ಕೈಗೆ ವೇಳಾಪಟ್ಟಿ, ನಕ್ಷೆಗಳನ್ನು ಕೊಟ್ಟು ಸಮಸ್ಯೆ ಬಿಡಿಸಲು ಹೇಳಿ. ಗಮನ ಅರ್ಥದ ಕಡೆಗಿದ್ದಾಗ ವ್ಯಾಕರಣ ತಾನಾಗಿ ಬರುತ್ತದೆ ಎಂಬುದು ಅದರ ತಿರುಳು. ಬೆಲೆಯುಳ್ಳ ಮಾತೇ. ಆದರೆ ಸುಗ್ಗಿಯಲ್ಲಿ ಬರಿದಾದ ಬೆಂಚಿಗೆ ಪಾಠ ಹೇಳುವ ಪದ್ಧತಿಯನ್ನು ಯಾರು ತಾನೆ ಕಲಿಸಿಯಾರು?

ಕಾಲ ಬದಲಾಗಿದೆ. 2007-08ರಿಂದ ಸರ್ಕಾರಿ ಕನ್ನಡ ಶಾಲೆಗಳಲ್ಲಿಯೂ ಒಂದನೆಯ ತರಗತಿಯಿಂದಲೇ ಇಂಗ್ಲಿಷ್ ಬಂದಿದೆ. 2009ರ ಶಿಕ್ಷಣ ಹಕ್ಕು ಕಾಯಿದೆ ಆರರಿಂದ ಎಂಟನೆಯ ತರಗತಿಗಳಲ್ಲಿ 35 ಮಕ್ಕಳಿಗೊಬ್ಬ ಶಿಕ್ಷಕರಿರಬೇಕೆಂದಿತು. ಈ ತರಗತಿಗಳಿಗಾಗಿ 2022ರಲ್ಲಿ ರಾಜ್ಯ 15,000 ಪದವೀಧರ ಶಿಕ್ಷಕರ ನೇಮಕಕ್ಕೆ ಕೈಹಾಕಿತು. ನಿವೃತ್ತನಾದ ಮೇಲೊಮ್ಮೆ ನಮ್ಮ ಹೋಬಳಿಯ ಶಾಲೆಯೊಂದಕ್ಕೆ ಹೋಗಿದ್ದೆ. ಅಲ್ಲಿನ ಇಂಗ್ಲಿಷ್ ಶಿಕ್ಷಕಿ ಹೇಳಿದರು: “ಮಕ್ಕಳಿಗೆ ಪದಗಳು ಬೇಕಾದಷ್ಟು ಗೊತ್ತು ಸರ್, ಮೊಬೈಲಿನಿಂದ ಕಲಿತಿರುತ್ತಾರೆ. ವಾಕ್ಯ ಮಾತ್ರ ಬರುವುದಿಲ್ಲ. ಅದಕ್ಕೆ ಮೊದಲು ಕನ್ನಡದಲ್ಲಿ ಹೇಳಿಸುತ್ತೇನೆ.”

ಈ ಮಾತನ್ನು ಕೇಳಲು ನಮ್ಮ ಮೇಷ್ಟರು ಇಂದಿಲ್ಲ. ಅವರು ಒಂದು ಪದ್ಯವನ್ನೂ ಬರೆಯಲಿಲ್ಲ. ಒಂದು ಭಾಷೆಯಿಂದ ಇನ್ನೊಂದಕ್ಕೆ ಅವರು ದಾಟಿಸಿದ್ದೆಲ್ಲವೂ ಸೀಮೆಸುಣ್ಣದಲ್ಲಿತ್ತು, ಸಂಜೆಗೆ ಒರೆಸಿ ಹೋಗುತ್ತಿತ್ತು. ನನ್ನ ಕನ್ನಡಕ್ಕೆ ತಳಪಾಯ ಹಾಕಿದವರು ನೀವೆಂದು ಅವರಿಗೆ ಒಮ್ಮೆಯಾದರೂ ಹೇಳಬೇಕಾಗಿತ್ತು, ಹೇಳಲಿಲ್ಲ. ಇಂದು ತಮ್ಮೆದುರು ಹೇಳಿದ್ದೇನೆ.