ಜೋಳದ ದಂಟಿನೊಳಗಿನ ದೇಶಾಂತರಿ

ಚಿಕ್ಕಪಡಸಲಗಿ ಎಂದೊಡನೆ ವಾಚಕರಿಗೆ ಅಲ್ಲಿಯ ಬ್ಯಾರೇಜು ನೆನಪಾಗುವುದು ಸಹಜ. ಜಮಖಂಡಿಗೆ ಸಮೀಪದ ಈ ಕೃಷ್ಣಾತೀರದ ಊರಿನಲ್ಲಿ ರೈತರು ಸರಕಾರದ ದಾರಿ ಕಾಯದೆ, ತಾವೇ ವಂತಿಗೆ ಕೂಡಿಸಿ, ತಾವೇ ಮೈಮುರಿದು ದುಡಿದು ೧೯೮೯ರಲ್ಲಿ ನದಿಗೆ ಅಡ್ಡಗಟ್ಟೆ ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡರಿಗೆ ಜನ ‘ಬ್ಯಾರೇಜ್ ಸಿದ್ದು’ ಎಂದೇ ಹೆಸರಿಟ್ಟರು. ನಿಂತ ನೀರು ‘ಶ್ರಮಬಿಂದು ಸಾಗರ’ವಾಯಿತು. ಆ ಚರಿತ್ರೆಯನ್ನು ಬಲ್ಲವರು ಬಹಳ. ನಾನು ಹೇಳಹೊರಟಿರುವುದು ಅದೇ ನೆಲದ ಬೇರೊಬ್ಬ ನಿವಾಸಿಯ ಚರಿತ್ರೆ. ಈತನಿಗೆ ಮನೆಯೂ ಹುಲ್ಲೇ, ಊಟವೂ ಹುಲ್ಲೇ.

ಹುಲ್ಲು ಎಂದರೆ ದನ ಮೇಯುವ ಹುಲ್ಲು ಮಾತ್ರವೆಂದು ತಿಳಿಯಬಾರದು. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಜೋಳ, ಸಜ್ಜೆ, ಮೆಕ್ಕೆಜೋಳ, ಕಬ್ಬು ಎಲ್ಲವೂ ಹುಲ್ಲಿನ ಕುಲವೇ. ಬಡವನ ರೊಟ್ಟಿ ಹುಲ್ಲಿನದು, ಹಬ್ಬದ ಹೋಳಿಗೆಯ ಬೆಲ್ಲವೂ ಹುಲ್ಲಿನದು. ಈ ಕುಲವನ್ನೇ ನಂಬಿ ಬದುಕುವ ಪತಂಗವೊಂದಿದೆ. ಒಣಹುಲ್ಲಿನ ಬಣ್ಣ, ರೆಕ್ಕೆ ಬಿಚ್ಚಿದರೆ ಸುಮಾರು ಒಂದು ಅಂಗುಲ. ಶಾಸ್ತ್ರಜ್ಞರು ಇದನ್ನು ‘ಕೈಲೋ ಪಾರ್ಟೆಲ್ಲಸ್’ ಎನ್ನುತ್ತಾರೆ. ನಮ್ಮ ರೈತನಿಗೆ ಅದರ ರೆಕ್ಕೆಯ ಪರಿಚಯ ಕಡಿಮೆ, ಮರಿಯ ಕೆಲಸದ ಪರಿಚಯ ಹೆಚ್ಚು. ಆದುದರಿಂದ ಅವನು ಕೊಟ್ಟ ಹೆಸರು ಕಾಂಡ ಕೊರಕ.

ಈ ಪತಂಗ ರಾತ್ರಿ ಹಾರುತ್ತದೆ. ಜೋಳದ ಗರಿಯ ಮೇಲೆ ಮೀನಿನ ಹುರುಪೆಯಂತೆ ಒಂದರ ಮೇಲೊಂದು ಒತ್ತಿಕೊಂಡಂತೆ ಮೊಟ್ಟೆಯಿಡುತ್ತದೆ. ಹೊರಬಂದ ಮರಿಗಳು ಸುಳಿಯೊಳಗಿಳಿದು ಎಳೆಯ ಎಲೆಯನ್ನು ಕೆರೆಯುತ್ತವೆ. ಸುಳಿ ಬಿಚ್ಚಿದಾಗ ಎಲೆಯ ಮೇಲೆ ಸಾಲುಸಾಲು ತೂತು. ಸ್ವಲ್ಪ ಬಲಿತ ಮೇಲೆ ದಂಟನ್ನು ಕೊರೆದು ಒಳಹೊಕ್ಕುಬಿಡುತ್ತವೆ. ಎಳೆಯ ಪೈರಾದರೆ ನಡುವಿನ ಸುಳಿಯೇ ಒಣಗುತ್ತದೆ. ಹಿಡಿದೆಳೆದರೆ ಸಲೀಸಾಗಿ ಕೈಗೆ ಬರುತ್ತದೆ. ಬೆಳೆದ ಪೈರಾದರೆ ದಂಟಿನೊಳಗೆ ಸುರಂಗ, ಮೇಲೆ ಜೊಳ್ಳು ತೆನೆ.

ಹಾಗಾದರೆ ಬೇಸಿಗೆಯಲ್ಲಿ, ಎರೆಭೂಮಿ ಬಿರುಕು ಬಿಟ್ಟು ಹಸಿರೇ ಕಾಣದಾದಾಗ, ಈ ಹುಳು ಎಲ್ಲಿರುತ್ತದೆ? ಅದು ಎಲ್ಲಿಗೂ ಹೋಗಿರುವುದಿಲ್ಲ. ಬಲಿತ ಮರಿ ಒಣಗಿದ ದಂಟಿನೊಳಗೇ ಉಣ್ಣದೆ, ಬೆಳೆಯದೆ ತಿಂಗಳುಗಟ್ಟಲೆ ಮಲಗಿರುತ್ತದೆ. ಮಳೆಗಾಲ ಬರುತ್ತಲೂ ಕೋಶಕಟ್ಟಿ, ಪತಂಗವಾಗಿ ಹೊರಬೀಳುತ್ತದೆ. ಹೊಲದಲ್ಲಿ ಉಳಿದ ಕೂಳೆ ಅದರ ಒಂದು ಬಿಡಾರ. ದನಗಳಿಗೆಂದು ನಾವು ಅಕ್ಕರೆಯಿಂದ ಒಟ್ಟಿಟ್ಟ ಕಣಿಕೆಯ ಬಣವೆ ಇನ್ನೊಂದು. ಹೊಲ ಕಾಯುವವನೇ ಕಳ್ಳನಿಗೂ ಹಾಸಿಗೆ ಹಾಸಿಕೊಟ್ಟಂತಾಯಿತು!

ಈ ಜೀವಿ ಪುಸ್ತಕಕ್ಕೆ ಸೇರಿದ್ದು ೧೮೮೫ರಲ್ಲಿ. ಮುಂಬಯಿ ಸೈನ್ಯದ ಕರ್ನಲ್ ಚಾರ್ಲ್ಸ್ ಸ್ವಿನ್ಹೋ ಮುಂಬಯಿ ಮತ್ತು ದಖ್ಖಣದ ಪತಂಗಗಳನ್ನು ಕುರಿತು ಬರೆಯುತ್ತ ಇದನ್ನು ವರ್ಣಿಸಿದ. ಎರಡು ವರ್ಷ ಮೊದಲು ಮುಂಬಯಿಯ ನಿಸರ್ಗ ಚರಿತ್ರೆಯ ಸಂಘವನ್ನು ಸ್ಥಾಪಿಸಿದ ಎಂಟು ಮಂದಿಯಲ್ಲಿ ಆತನೂ ಒಬ್ಬ. ಪ್ರಾರ್ಥನಾ ಸಮಾಜದ ಆತ್ಮಾರಾಮ ಪಾಂಡುರಂಗರು ಇನ್ನೊಬ್ಬರು. ಆಗ ಜಮಖಂಡಿ ಪಟವರ್ಧನ ಅರಸರ ಸಂಸ್ಥಾನ. ಅದು ೧೯೪೮ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ೧೯೫೬ರಲ್ಲಿ ವಿಜಾಪುರ ಜಿಲ್ಲೆಯೊಡನೆ ಮೈಸೂರು ರಾಜ್ಯಕ್ಕೆ ಬಂದಿತು. ೧೯೯೭ರಲ್ಲಿ ಬಾಗಲಕೋಟೆ ಜಿಲ್ಲೆಗೆ ಸೇರಿತು. ಮನುಷ್ಯರು ಇಷ್ಟು ಸಲ ಗಡಿ ಅಳಿಸಿ ಬರೆದರೂ ಪತಂಗದ ರಾಜ್ಯದಲ್ಲಿ ಒಂದೇ ಕಾನೂನು: ಹುಲ್ಲಿದ್ದಲ್ಲಿ ಊರು.

ಆ ಕಾನೂನು ಕಡಲಾಚೆಗೂ ನಡೆಯಿತು. ೧೯೩೦ರ ಸುಮಾರಿಗೆ ಆಫ್ರಿಕದ ಮಲಾವಿಯಲ್ಲಿ, ಅಂದರೆ ಆಗಿನ ನ್ಯಾಸಾಲ್ಯಾಂಡಿನಲ್ಲಿ, ಈ ಪತಂಗ ಕಾಣಿಸಿಕೊಂಡಿತು. ರೆಕ್ಕೆಯ ಬಲದಿಂದಲೇ ಹಿಂದೂ ಮಹಾಸಾಗರವನ್ನು ದಾಟಿತೆಂದು ನಂಬುವುದು ಕಷ್ಟ. ಮನುಷ್ಯನ ಸರಕಿನ ಮರೆಯಲ್ಲೇ ಹೋಗಿರಬೇಕು. ೧೯೫೦ರ ದಶಕದಲ್ಲಿ ಅದು ಪೂರ್ವ ಆಫ್ರಿಕದಲ್ಲಿ ನೆಲೆಯೂರಿತು. ಬರಬರುತ್ತ ದಕ್ಷಿಣದ ತನಕ ಹಬ್ಬಿತು. ಕೀನ್ಯಾದ ಕರಾವಳಿಯಲ್ಲಂತೂ ಅಲ್ಲಿಯದೇ ಆದ ದಾಯಾದಿ ಕೊರಕವನ್ನು ಬಹುಮಟ್ಟಿಗೆ ಮೂಲೆಗೊತ್ತಿತು. ಮೆಕ್ಕೆಜೋಳವೇ ಅನ್ನವಾದ ಆ ನಾಡುಗಳಲ್ಲಿ ಇದು ಹೊಟ್ಟೆಯ ಮೇಲೆ ಬಿದ್ದ ಪೆಟ್ಟು.

ಮದ್ದನ್ನೂ ನಮ್ಮ ಕಡೆಯಿಂದಲೇ ಒಯ್ಯಬೇಕಾಯಿತು. ‘ಕೋಟೇಸಿಯಾ ಫ್ಲೇವಿಪಸ್’ ಎಂಬ ಪುಟ್ಟ ಕಣಜವು ದಂಟಿನೊಳಗಿನ ಹುಳುವನ್ನು ಹುಡುಕಿ ಅದರ ಮೈಯೊಳಗೇ ಮೊಟ್ಟೆಯಿಡುತ್ತದೆ. ಕಣಜದ ಮರಿಗಳಿಗೆ ಹುಳುವೇ ಆಹಾರ. ಇದನ್ನು ಪಾಕಿಸ್ತಾನದಿಂದ ತರಿಸಿ ೧೯೯೩ರಲ್ಲಿ ಕೀನ್ಯಾದ ಕರಾವಳಿಯಲ್ಲಿ ಬಿಟ್ಟರು, ಅದು ಅಲ್ಲಿ ನೆಲೆಸಿತು. ಹೊಲದ ಸುತ್ತ ನೇಪಿಯರ್ ಹುಲ್ಲನ್ನು ಬೆಳೆಸಿ ಪತಂಗವನ್ನು ಅತ್ತ ಸೆಳೆಯುವ, ಸಾಲುಗಳ ನಡುವೆ ಡೆಸ್ಮೋಡಿಯಮ್ ಎಂಬ ದ್ವಿದಳ ಸಸ್ಯವನ್ನಿಟ್ಟು ಬೆಳೆಯಿಂದ ದೂರ ಓಡಿಸುವ ಉಪಾಯವನ್ನೂ ಅಲ್ಲಿಯ ಕೀಟಶಾಸ್ತ್ರಜ್ಞರು ಕಂಡುಕೊಂಡರು. ಹುಲ್ಲಿನ ವೈರಿಯನ್ನು ಹುಲ್ಲಿನಿಂದಲೇ ಮರುಳುಗೊಳಿಸುವ ಈ ಜಾಣತನ ನನಗೆ ಬಹಳ ಹಿಡಿಸಿದೆ.

ನಾವು ಕಳಿಸಿದ್ದಕ್ಕೆ ಬಂದದ್ದೂ ಉಂಟು. ಅಮೆರಿಕ ಖಂಡದ ಸೈನಿಕ ಹುಳು ೨೦೧೬ರಲ್ಲಿ ಪಶ್ಚಿಮ ಆಫ್ರಿಕಕ್ಕೆ ಕಾಲಿಟ್ಟು, ೨೦೧೮ರಲ್ಲಿ ನಮ್ಮ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಪತ್ತೆಯಾಯಿತು. ಭಾರತದಲ್ಲಿ ಅದು ಮೊದಲು ಕಂಡದ್ದು ಕನ್ನಡ ನೆಲದಲ್ಲೇ. ಅದೂ ಪತಂಗವೇ, ಅದಕ್ಕೂ ಹುಲ್ಲಿನ ಕುಲವೇ ಅಚ್ಚುಮೆಚ್ಚು.

ಇನ್ನು ಮರಳಿ ಕೃಷ್ಣಾತೀರಕ್ಕೆ ಬರೋಣ. ಮಳೆಯನ್ನೇ ನಂಬಿದ ಜೋಳದ ಹೊಲದಲ್ಲಿ ಬೇಸಿಗೆಯು ಹುಳುವಿಗೆ ಕಡ್ಡಾಯದ ಉಪವಾಸ. ನೀರಾವರಿ ಬಂದಲ್ಲಿ ಒಂದು ಹೊಲದಲ್ಲಿ ಕಬ್ಬು, ಪಕ್ಕದಲ್ಲಿ ಮೆಕ್ಕೆಜೋಳ, ಬದುವಿನಲ್ಲಿ ಮೇವಿನ ಹುಲ್ಲು. ಒಂದು ಕೊಯ್ಲಾಗುವಷ್ಟರಲ್ಲಿ ಇನ್ನೊಂದು ಚಿಗುರುತ್ತದೆ. ವರ್ಷವಿಡೀ ಹಸಿರು ಹುಲ್ಲು ದೊರೆಯುವಲ್ಲಿ ಈ ಪತಂಗ ಮಲಗುವುದಿಲ್ಲ. ತಲೆಮಾರಿನ ಹಿಂದೆ ತಲೆಮಾರು ಬೆಳೆಯುತ್ತಲೇ ಇರುತ್ತದೆ. ಕಬ್ಬಿಗಂತೂ ಇದರ ಸೋದರ ಕೊರಕಗಳು ಬೇರೆಯೇ ಇವೆ.

ಇದನ್ನು ಕಂಡು ನೀರು ತಂದದ್ದೇ ತಪ್ಪೆಂದರೆ ಅದು ಹಸಿದವನಿಗೆ ಅಜೀರ್ಣದ ಭಯ ಹೇಳಿದಂತೆ. ನೀರಿಲ್ಲದೆ ಊರು ಬಿಟ್ಟು ಗುಳೆ ಹೋಗುವವನ ಕಷ್ಟವನ್ನು ಪಟ್ಟಣದಲ್ಲಿ ನಲ್ಲಿ ತಿರುಗಿಸುವ ನಾವು ಅಳೆಯಬಾರದು. ಆದರೆ ನೀರಿನೊಡನೆ ಒಂದು ಹೊಸ ಹೊಣೆಯೂ ಬಂದಿದೆ ಎಂಬುದನ್ನು ಮರೆಯಲಾಗದು.

ಹೊಣೆ ದೊಡ್ಡದೇನಲ್ಲ: ಕೊಯ್ಲಾದೊಡನೆ ಕೂಳೆ ಕಿತ್ತು ತೆಗೆಯುವುದು, ಮಳೆಗೆ ಮುಂಚೆ ಕಣಿಕೆಯನ್ನು ಕತ್ತರಿಸಿ ದನಗಳಿಗೆ ಉಣಿಸಿ ಮುಗಿಸುವುದು, ಸುತ್ತಲಿನ ಹೊಲಗಳಲ್ಲಿ ಒಂದೇ ಹದದಲ್ಲಿ ಬಿತ್ತುವುದು, ಕಂಡದ್ದಕ್ಕೆಲ್ಲ ವಿಷ ಸಿಂಪಡಿಸಿ ಕಣಜವನ್ನು ಕೊಲ್ಲದಿರುವುದು. ತೊಡಕು ಇರುವುದು ಬೇರೆ ಕಡೆ. ಒಬ್ಬನು ತನ್ನ ಹೊಲವನ್ನು ಕನ್ನಡಿಯಂತೆ ಇಟ್ಟುಕೊಂಡರೂ ನೆರೆಯವನ ಬಣವೆಯಿಂದ ಪತಂಗ ಹಾರಿ ಬರುತ್ತದೆ. ಊರಿಗೆ ಊರೇ ಕೂಡಿ ಮಾಡದ ಹೊರತು ಈ ಕೆಲಸಕ್ಕೆ ಫಲವಿಲ್ಲ. ಕೂಡಿ ಮಾಡುವ ವಿದ್ಯೆಯನ್ನು ಚಿಕ್ಕಪಡಸಲಗಿಯವರಿಗೆ ನಾವು ಹೇಳಿಕೊಡಬೇಕಾಗಿಲ್ಲ. ನದಿಯನ್ನು ನಿಲ್ಲಿಸಿದ ಕೈಗಳು ಬೇಸಿಗೆಯಲ್ಲಿ ಒಂದು ವಾರ ಕೂಳೆ ಕೀಳುವುದಕ್ಕೆ ಕೂಡಿದರೆ, ದಂಟಿನೊಳಗಿನ ಈ ದೇಶಾಂತರಿಗೆ ತನ್ನ ತವರಿನಲ್ಲಾದರೂ ನೆಲೆ ಕಿರಿದಾದೀತು.