ದೊಡ್ಡವಳಾಗುವುದು ಮತ್ತು ಹೂವಾಗುವುದು

ಹುಡುಗಿ ಋತುಮತಿಯಾದರೆ ಕನ್ನಡಿಗರು ‘ದೊಡ್ಡವಳಾದಳು’, ‘ಮೈನೆರೆದಳು’ ಎನ್ನುತ್ತಾರೆ; ಸಂಸ್ಕೃತದಲ್ಲಿ ಆಕೆ ‘ಪುಷ್ಪವತಿ’. ಹಳೆಯ ಮೈಸೂರು ಭಾಗದಲ್ಲಿ ಸೋದರಮಾವ ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ, ಹೆಂಗಸರು ಚಿಗಳಿ ತಿನ್ನಿಸಿ ಆರತಿ ಬೆಳಗುತ್ತಾರೆ. ಒಸಗೆ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ಹೆಂಗಸರು ಹೇಳುತ್ತ ಬಂದ ‘ಹೂವಾದ ಹುಡುಗಿ’ಯ ಕಥೆ ಮಾತ್ರ ಇದನ್ನು ಅಷ್ಟು ಬೇಗ ಮುಗಿಸುವುದಿಲ್ಲ.

ಎ.ಕೆ. ರಾಮಾನುಜನ್ ಕರ್ನಾಟಕದಲ್ಲಿ ಸಂಗ್ರಹಿಸಿದ ಈ ಕಥೆಯ ಹೆಸರನ್ನೇ, ಅವರ ನಿಧನಾನಂತರ 1997ರಲ್ಲಿ ಹೊರಬಂದ ಇಂಗ್ಲಿಷ್ ಸಂಕಲನ ಹೊತ್ತಿದೆ. ಬಡ ತಾಯಿಗೆ ನೆರವಾಗಲೆಂದು ಹುಡುಗಿ ತಾನಾಗಿಯೇ ಹೂವಿನ ಮರವಾಗುತ್ತಾಳೆ. ಅಕ್ಕ ಬಿಂದಿಗೆ ನೀರು ಹೊಯ್ಯಬೇಕು; ಚಿಗುರು, ಎಲೆ ನೋಯದಂತೆ ಹೂ ಕೊಯ್ಯಬೇಕು. ಮದುವೆಯಾದ ಮೇಲೆ ಗಂಡ ತನ್ನ ಸಂತೋಷಕ್ಕಾಗಿ ಮರವಾಗು ಎನ್ನುತ್ತಾನೆ. ಬಳಿಕ ನಾದಿನಿ ತೋಟಕ್ಕೆ ಕರೆದೊಯ್ದು ಒತ್ತಾಯಿಸುತ್ತಾಳೆ. ಜೊತೆಗಾತಿಯರು ಕೊಂಬೆ ಮುರಿದು ಹೋಗುತ್ತಾರೆ. ಸೊಸೆ ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ.

ಇದು ಮೈನೆರೆಯುವುದರ ರೂಪಕ ಎಂದಷ್ಟೇ ಹೇಳಿ ನಿಲ್ಲಿಸುವುದು ಕಥೆಗೆ ನ್ಯಾಯ ಒದಗಿಸದು. ಅರಳುವುದು ಇಲ್ಲಿ ಒಮ್ಮೆ ಘಟಿಸಿ ಮುಗಿಯುವ ಸಂಗತಿಯಲ್ಲ. ಯಾರ ಇಚ್ಛೆಯಿಂದ, ಯಾರ ಕೈಯಲ್ಲಿ ಎಂಬ ಪ್ರಶ್ನೆ ಪ್ರತಿಸಲವೂ ಏಳುತ್ತದೆ. ರಾಜಕುಮಾರನ ಸಾಹಸಕಥೆಗಳು ಸಾಮಾನ್ಯವಾಗಿ ಮದುವೆಯಲ್ಲಿ ಕೊನೆಗೊಂಡರೆ, ಈ ಹುಡುಗಿಯ ಸಂಕಟ ಮದುವೆಯ ನಂತರವೇ ಆರಂಭ. ಗಂಡನೂ ಇಲ್ಲಿ ಬೆಳೆಯಬೇಕಾದವನೇ: ಭಿಕ್ಷುಕನಾಗಿ ಅಲೆದು, ಹೆಂಡತಿಯನ್ನು ಗುರುತಿಸಿ, ಮುರಿದ ಕೊಂಬೆಗಳನ್ನು ಅವನೇ ಜೋಡಿಸುತ್ತಾನೆ.

ಗಿರೀಶ ಕಾರ್ನಾಡರ ‘ಚೆಲುವಿ’ (1992) ಚಿತ್ರದಲ್ಲಿ ಪರಿಸರನಾಶದ ಆಶಯ ಮುನ್ನೆಲೆಗೆ ಬಂದಿದೆ. ಆ ಓದಿಗೆ ಕಥೆಯಲ್ಲಿ ಎಡೆಯಿದೆ. ಆದರೆ ಹೆಂಗಸರ ನಿರೂಪಣೆಯ ಗಮನವೆಲ್ಲ ಅತ್ತೆಮನೆಯಲ್ಲಿ ‘ಒಲ್ಲೆ’ ಎನ್ನಲಾಗದ ಎಳೆಯ ಸೊಸೆಯ ಮೇಲಿದೆ.