ಬಿರುದು ಹೊತ್ತ ಅರಸಿ, ಅಧಿಕಾರವಿಲ್ಲದ ಅರಸ
(ಧಾತು-ಈಶ್ವರ ಕ್ಷಾಮದ ಒಂದು ಪರಾಮರ್ಶೆ)

ನಾಗಪುರದ ಎಂಪ್ರೆಸ್ ಗಿರಣಿ ಇಂದಿಲ್ಲ. ಅದರ ಹೆಸರು ಮಾತ್ರ ಪ್ರತಾಪ ನಗರದ ಕನ್ನಡಿಗರಿಗೂ ಪರಿಚಿತವಾಗಿ ಉಳಿದಿದೆ. ಜಮಶೇಟಜಿ ಟಾಟಾ ಅವರು ಆ ಗಿರಣಿಯನ್ನು ಆರಂಭಿಸಿದ್ದು 1877ರ ಜನವರಿ 1ರಂದು. ಅದೇ ದಿನ ದೆಹಲಿಯಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ಮಹಾ ದರ್ಬಾರು ನಡೆಸಿ, ವಿಕ್ಟೋರಿಯಾ ರಾಣಿಯನ್ನು ಭಾರತದ ಸಾಮ್ರಾಜ್ಞಿಯೆಂದು ಘೋಷಿಸಿದನು. ಗಿರಣಿಗೆ ಹೆಸರು ಬಂದದ್ದು ಆ ಬಿರುದಿನಿಂದ. ಆದರೆ ಅದೇ ದಿನಗಳಲ್ಲಿ ಮೈಸೂರು ಸೀಮೆಯಲ್ಲಿಯೂ ಮದರಾಸು ಪ್ರಾಂತದಲ್ಲಿಯೂ ಜನರು ಅನ್ನವಿಲ್ಲದೆ ಸಾಯುತ್ತಿದ್ದರೆಂಬುದನ್ನು ಆ ಹೆಸರು ನೆನಪಿಸುವುದಿಲ್ಲ.

ಕನ್ನಡ ನಾಡಿನಲ್ಲಿ ಧಾತು-ಈಶ್ವರ ಸಂವತ್ಸರಗಳ ಬರವೆಂದು ಹೆಸರಾದ ಈ ಕ್ಷಾಮಕ್ಕೆ ಮಳೆಯ ಅಭಾವವೇ ಮೂಲವೆಂಬುದು ನಿಜ. ಆದರೆ ಮಳೆ ಬಾರದಿರುವುದು ದೈವಾಧೀನವಾದರೆ, ಹಸಿದವನಿಗೆ ಎಷ್ಟು ಅನ್ನವಿಕ್ಕಬೇಕೆಂಬುದು ರಾಜಾಧೀನ. ಇಲ್ಲಿಯೇ ನಮ್ಮ ಪ್ರಶ್ನೆ ಏಳುತ್ತದೆ: ಅಂದು ಮೈಸೂರಿಗೆ ರಾಜರು ಯಾರು?

1831ರಿಂದಲೂ ಆಡಳಿತವು ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಸಿಂಹಾಸನಕ್ಕೆ ಬಾಧ್ಯರಾದ ಹತ್ತನೆಯ ಚಾಮರಾಜೇಂದ್ರ ಒಡೆಯರಿಗೆ ಹದಿಮೂರು ವರ್ಷ. ಪ್ರಜೆಗಳು ಕಂಗೆಟ್ಟಿದ್ದಾಗ ಆ ಬಾಲಕನನ್ನು ದೆಹಲಿಯ ದರ್ಬಾರಿಗೆ ಕರೆದೊಯ್ಯಲಾಗಿತ್ತು. ಅವರಲ್ಲಿ ದೋಷವೆಣಿಸುವುದು ಅನ್ಯಾಯ. ಇತ್ತ ಬಿರುದು ಧರಿಸಿದ ರಾಣಿಯಾದರೋ ಪಾರ್ಲಿಮೆಂಟಿಗೆ ಅಧೀನಳಾದವಳು; ಆಕೆಯ ಹೆಸರಿನಲ್ಲಿ ಆಳುತ್ತಿದ್ದವನು ಲಿಟ್ಟನ್. ಹೀಗೆ ಒಬ್ಬರಿಗೆ ಅಧಿಕಾರವಿಲ್ಲ, ಇನ್ನೊಬ್ಬರಿಗೆ ಹೊಣೆಯಿಲ್ಲ. ನಡುವೆ ನಿಂತವನಿಗೆ ಬೊಕ್ಕಸದ ಚಿಂತೆ.

ಆ ಚಿಂತೆಯ ಪ್ರತಿನಿಧಿಯಾಗಿ 1877ರ ಜನವರಿಯಲ್ಲಿ ದಕ್ಷಿಣಕ್ಕೆ ಬಂದವನು ಸರ್ ರಿಚರ್ಡ್ ಟೆಂಪಲ್. ಈತ ನಾಗಪುರಕ್ಕೆ ಹೊಸಬನಲ್ಲ. 1860ರ ದಶಕದಲ್ಲಿ ಮಧ್ಯಪ್ರಾಂತಗಳ ಮುಖ್ಯ ಕಮಿಷನರನಾಗಿ ಇಲ್ಲಿಂದಲೇ ಆಳಿದವನು. 1874ರ ಬಿಹಾರ-ಬಂಗಾಳ ಕ್ಷಾಮದಲ್ಲಿ ಬರ್ಮಾದಿಂದ ಅಕ್ಕಿ ತರಿಸಿ ಜನರನ್ನು ಉಳಿಸಿದ್ದನು. ಅದಕ್ಕೆ ದೊರೆತ ಪ್ರತಿಫಲ ದುಂದುಗಾರನೆಂಬ ನಿಂದೆ. ದಕ್ಷಿಣದಲ್ಲಿ ಅವನು ಆ ಕಳಂಕವನ್ನು ತೊಳೆಯಲು ಹೊರಟಂತಿತ್ತು. ಮದರಾಸು ಪ್ರಾಂತದ ಕ್ಷಾಮ ಕಾಮಗಾರಿಗಳಲ್ಲಿ ದುಡಿಯುವವನ ದಿನಗೂಲಿಯನ್ನು ಒಂದು ಪೌಂಡು, ಎಂದರೆ ಸುಮಾರು 450 ಗ್ರಾಂ ಧಾನ್ಯದ ಬೆಲೆಗೂ ಮೇಲೆ ಅಲ್ಪ ಚಿಲ್ಲರೆಗೂ ಇಳಿಸಿದನು. ದುಡಿಯುವ ದೇಹಕ್ಕೆ ಇದು ಸಾಲದೆಂದು ಆ ಪ್ರಾಂತದ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಬಲವಾಗಿ ವಿರೋಧಿಸಿದನು. ಹಸಿವಿನಿಂದ ಬಳಲಿದ ದೇಹಗಳ ಮೇಲೆ ವಾಂತಿಭೇದಿ ಮೊದಲಾದ ರೋಗಗಳು ಎರಗುತ್ತಿದ್ದ ಕಾಲವದು. ವೈದ್ಯನ ಮಾತಿಗಿಂತ ಲೆಕ್ಕಿಗನ ಮಾತು ಮೊದಲು ನಡೆಯಿತು. ಕೂಲಿಯನ್ನು ಮತ್ತೆ ಏರಿಸುವ ವೇಳೆಗೆ ತಿಂಗಳುಗಳು ಕಳೆದಿದ್ದುವು. ಸ್ವತಃ ಲಿಟ್ಟನ್ ದಕ್ಷಿಣಕ್ಕೆ ಬಂದದ್ದು ಆಗಸ್ಟಿನ ಕೊನೆಗೆ, ದರ್ಬಾರು ಮುಗಿದು ಸುಮಾರು ಎಂಟು ತಿಂಗಳ ಮೇಲೆ.

ಫಲವನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ 50 ಲಕ್ಷವನ್ನು ಮೀರಿದ್ದ ಮೈಸೂರಿನ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕಿಂತ ಕಡಿಮೆಯಾಗಿತ್ತು. ಅದೇ 1881ರ ಮಾರ್ಚ್ 25ರಂದು ರಾಜ್ಯವನ್ನು ಒಡೆಯರಿಗೆ ಹಿಂದಿರುಗಿಸಿದಾಗ, ಅದರೊಡನೆ 80 ಲಕ್ಷ ರೂಪಾಯಿಗಳ ಕ್ಷಾಮದ ಸಾಲವೂ ಬಂದಿತು. ಆಳಿದವರು ಬೇರೆ, ಸಾಲ ತೀರಿಸಬೇಕಾದವರು ಬದುಕುಳಿದ ರೈತರು.

ಈ ಅನುಭವದಿಂದ ಎರಡು ಪಾಠಗಳು ಹುಟ್ಟಿದುವು. 1880ರಲ್ಲಿ ಸ್ಟ್ರೇಚಿ ಆಯೋಗವು, ಕ್ಷಾಮದಲ್ಲಿ ಜನರಿಗೆ ನೆರವಾಗುವುದು ಸರಕಾರದ ಕರ್ತವ್ಯವೆಂದು ಒಪ್ಪಿ ನಿಯಮಗಳಿಗೆ ತಳಹದಿ ಹಾಕಿತು. 1881ರ ಅಕ್ಟೋಬರಿನಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನ ಪ್ರಜಾಪ್ರತಿನಿಧಿ ಸಭೆಯನ್ನು ಮೊದಲ ಬಾರಿಗೆ ಸೇರಿಸಿದರು. ಆ ಸಭೆಗೆ ಅಧಿಕಾರ ಅಲ್ಪವಾಗಿದ್ದರೂ, ರೈತನ ಅಹವಾಲನ್ನು ಆಳುವವರು ಎದುರು ಕುಳಿತು ಕೇಳಬೇಕಾದ ಒಂದು ಸ್ಥಳ ಏರ್ಪಟ್ಟಿತು. 1877ರಲ್ಲಿ ಇಲ್ಲದಿದ್ದುದು ಅಂತಹ ಸ್ಥಳವೇ. ಬಿರುದು ಎಷ್ಟೇ ದೊಡ್ಡದಿರಲಿ, ಸತ್ತವರ ಲೆಕ್ಕವನ್ನು ಯಾರಿಗೂ ಒಪ್ಪಿಸಬೇಕಾಗಿಲ್ಲದ ಪ್ರಭುತ್ವವು ವೈದ್ಯನ ಎಚ್ಚರಿಕೆಯನ್ನು ಸಕಾಲದಲ್ಲಿ ಕೇಳುವುದು ಕಷ್ಟ.